ಸಾದಾ ಕ್ಯೂಬ್, ಲೈಟ್ ಕ್ಯೂಬ್, ಬ್ಲೂಟೂತ್ ಕ್ಯೂಬ್: ಮೂರನ್ನೂ ಮನೆಯಲ್ಲಿ ಬಳಸಿ ನೋಡಿದ ಮೇಲೆ

ಮಕ್ಕಳಿಗೆ ರೂಬಿಕ್ಸ್ ಕ್ಯೂಬ್ ಕೊಡಿಸೋಣ ಅಂತ ಅಂಗಡಿಗೆ ಹೋದರೆ ಈಗ ತಲೆ ಕೆಡುತ್ತದೆ. 100 ರೂಪಾಯಿಗೂ ಒಂದು ಸಿಗುತ್ತದೆ, 5,000 ರೂಪಾಯಿಗೂ ಒಂದು ಸಿಗುತ್ತದೆ. ಒಂದು ಸುಮ್ನೆ ತಿರುಗುತ್ತದೆ, ಅಷ್ಟೇ. ಇನ್ನೊಂದು ತಿರುಗುವುದೇ ಇಲ್ಲ. ಲೈಟ್ ಹಚ್ಚಿ, ಸದ್ದು ಮಾಡಿ, ತಾನೇ ಮಕ್ಕಳನ್ನು ಆಡಿಸುತ್ತದೆ. ಮತ್ತೊಂದು ತಿರುಗುತ್ತದೆ, ಜೊತೆಗೆ ಪ್ರತಿಯೊಂದು ತಿರುವನ್ನೂ ಬ್ಲೂಟೂತ್ ಮೂಲಕ ಮೊಬೈಲಿಗೆ ಹೇಳುತ್ತದೆ. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಈ ಮೂರೂ ಇವೆ. ಕೆಲವನ್ನು ನಾವು ಕೊಂಡದ್ದು, ಒಂದು ಉಡುಗೊರೆಯಾಗಿ ಬಂದದ್ದು. ಮಗನಿಗೆ ಹನ್ನೊಂದು ವರ್ಷ, ಮಗಳಿಗೆ ಏಳು, ಮಾವನವರಿಗೆ ಎಪ್ಪತ್ತು ದಾಟಿದೆ. ಮೂವರೂ ಮೂರನ್ನೂ ಹಿಡಿದು ಆಡಿದ್ದಾರೆ, ನಾನೂ ಆಡಿದ್ದೇನೆ. ಹಾಗಾಗಿ ಬರೆಯುತ್ತಿದ್ದೇನೆ, ಕೊಳ್ಳುವ ಮೊದಲು ಯಾರಿಗಾದರೂ ಉಪಯೋಗವಾಗಲಿ.

ಮೊದಲೇ ಹೇಳಿಬಿಡುತ್ತೇನೆ. ಒಂದೇ ಒಂದು ಕೊಳ್ಳುವುದಾದರೆ ಒಳಗೆ ಮ್ಯಾಗ್ನೆಟ್ ಇರುವ ಸಾದಾ ಕ್ಯೂಬ್ ಕೊಳ್ಳಿ. ಎಲೆಕ್ಟ್ರಾನಿಕ್ ಅಂದ ಕೂಡಲೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎರಡು ಎಲೆಕ್ಟ್ರಾನಿಕ್ ಕ್ಯೂಬ್‌ಗಳಲ್ಲಿ ಒಂದು ಮಗುವಿನ ಕೆಲಸವನ್ನೇ ಕಿತ್ತುಕೊಳ್ಳುತ್ತದೆ, ಇನ್ನೊಂದು ಮಗು ಮಾಡುವ ಕೆಲಸವನ್ನು ನೋಡಿ ಲೆಕ್ಕ ಇಡುತ್ತದೆ. ಈ ವ್ಯತ್ಯಾಸ ಡಬ್ಬದ ಮೇಲೆ ಬರೆದಿರುವುದಿಲ್ಲ, ಕೈಯಲ್ಲಿ ಹಿಡಿದು ಆಡಿದಾಗಲೇ ಗೊತ್ತಾಗುವುದು.

ಮೊದಲು ಈ ಆಟಿಕೆಯ ಒಳಗುಟ್ಟು ಸ್ವಲ್ಪ ತಿಳಿದುಕೊಳ್ಳೋಣ, ಯಾಕೆಂದರೆ ಮುಂದಿನ ಹೋಲಿಕೆಗೆಲ್ಲ ಅದೇ ಆಧಾರ. 1974ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಎರ್ನೋ ರೂಬಿಕ್ ಅನ್ನುವ ಮೇಷ್ಟ್ರು ಇದನ್ನು ಮಾಡಿದರು. ತಾವೇ ಮಾಡಿದ ಕ್ಯೂಬನ್ನು ಕೆಡಿಸಿ ಮತ್ತೆ ಸರಿಮಾಡಲು ಅವರಿಗೇ ಒಂದು ತಿಂಗಳಿಗಿಂತ ಜಾಸ್ತಿ ಬೇಕಾಯಿತು. 1980ರಲ್ಲಿ ಅದು ರೂಬಿಕ್ಸ್ ಕ್ಯೂಬ್ ಅನ್ನುವ ಹೆಸರಲ್ಲಿ ಜಗತ್ತಿನ ಅಂಗಡಿಗಳಿಗೆಲ್ಲ ಬಂತು. ಹೊರಗೆ ಕಾಣುವ ತುಂಡುಗಳು 26. ಎಂಟು ಮೂಲೆ, ಹನ್ನೆರಡು ಅಂಚು, ಆರು ಸೆಂಟರ್. ಈ ಆರು ಸೆಂಟರ್‌ಗಳು ಜಾಗ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ಸುತ್ತುತ್ತವೆ ಅಷ್ಟೇ. ಬಿಳಿ ಸೆಂಟರ್‌ನ ಎದುರು ಯಾವಾಗಲೂ ಹಳದಿ ಸೆಂಟರೇ ಇರುತ್ತದೆ. ಎಷ್ಟು ತಿರುಗಿಸಿದರೂ ಅದು ಬದಲಾಗುವುದಿಲ್ಲ. ಇದು ಗೊತ್ತಾದ ದಿನ ಮಗು ಅರ್ಧ ಕ್ಯೂಬ್ ಕಲಿತ ಹಾಗೆ.

ಕ್ಯೂಬನ್ನು ಕೆಡಿಸಬಹುದಾದ ರೀತಿಗಳು 43,252,003,274,489,856,000. ನಾಲ್ಕು ಲಕ್ಷ ಕೋಟಿ ಕೋಟಿಗಿಂತ ಜಾಸ್ತಿ. ಆದರೂ ಎಷ್ಟೇ ಕೆಟ್ಟಿದ್ದರೂ 20 ತಿರುವಿನೊಳಗೆ ಸರಿಮಾಡುವ ದಾರಿ ಇದ್ದೇ ಇರುತ್ತದೆ ಅಂತ 2010ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ಸಾಬೀತು ಮಾಡಿದರು. ಮಗನಿಗೆ ಈ ಎರಡು ಸಂಖ್ಯೆ ಹೇಳಿದಾಗ ಅವನ ಕಣ್ಣು ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ. ಯಾವ ಆ್ಯಪ್ ಕೂಡ ಅವನಲ್ಲಿ ಅಷ್ಟು ಕುತೂಹಲ ಹುಟ್ಟಿಸಿಲ್ಲ.

ಈಗ ಸಾದಾ ಕ್ಯೂಬ್‌ಗೆ ಬರೋಣ. ಇದರಲ್ಲೂ ಎರಡು ಜಾತಿ. ಸ್ಟೇಷನ್ ಹೊರಗೆ, ಫುಟ್‌ಪಾತ್ ಮೇಲೆ, ಕ್ರಾಫರ್ಡ್ ಮಾರ್ಕೆಟ್ ಸುತ್ತಲಿನ ಗಲ್ಲಿಗಳಲ್ಲಿ ಸಿಗುವ ಅಗ್ಗದ್ದು ಒಂದು. ಅದರ ಎರಡು ಪಾಲು ಗಟ್ಟಿ, ಒಂದು ಪಾಲು ಸಡಿಲ. ಒಂದು ಪದರವನ್ನು ಸರಿಯಾಗಿ ಕೂರಿಸದೆ ಇನ್ನೊಂದನ್ನು ತಿರುಗಿಸಿದರೆ ಕಚಕ್ ಅಂತ ಸಿಕ್ಕಿಕೊಳ್ಳುತ್ತದೆ. ಮಕ್ಕಳು ಬಲ ಹಾಕುತ್ತಾರೆ, ಒಂದು ತುಂಡು ಹಾರಿ ಸೋಫಾ ಕೆಳಗೆ ಹೋಗುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಒಂದಿದೆ, ತುಂಬ ಜನಕ್ಕೆ ಗೊತ್ತಿಲ್ಲ. ಸಡಿಲ ಕ್ಯೂಬಿನಲ್ಲಿ ಮೂಲೆಯ ತುಂಡು ಇದ್ದಲ್ಲೇ ತಿರುಚಿಕೊಳ್ಳುತ್ತದೆ. ಆಮೇಲೆ ಎಷ್ಟು ಸರಿಯಾದ ಮೂವ್ ಹಾಕಿದರೂ ಆ ಕ್ಯೂಬ್ ಪೂರ್ತಿ ಆಗುವುದಿಲ್ಲ, ಆಗಲು ಸಾಧ್ಯವೇ ಇಲ್ಲ. ತುಂಡುಗಳನ್ನೆಲ್ಲ ಬಿಚ್ಚಿ ಮನಸ್ಸಿಗೆ ಬಂದಂತೆ ಜೋಡಿಸಿದರೂ ಅಷ್ಟೇ, ಹನ್ನೆರಡರಲ್ಲಿ ಒಂದು ಸಲ ಮಾತ್ರ ಅದು ಬಿಡಿಸಬಹುದಾದ ಕ್ಯೂಬ್ ಆಗಿರುತ್ತದೆ. ಪಾಪ, ಮಗು ಮಾತ್ರ ತನಗೇ ಬರುವುದಿಲ್ಲ ಅಂದುಕೊಂಡು ಬಿಟ್ಟುಬಿಡುತ್ತದೆ. ಕೊನೆಯಲ್ಲಿ ಒಂದೇ ಒಂದು ಮೂಲೆ ತಪ್ಪು ಬಣ್ಣ ತೋರಿಸಿ ಕೂತಿದ್ದರೆ ತಪ್ಪು ಮಗುವಿನದ್ದಲ್ಲ. ಆ ಮೂಲೆಯನ್ನು ಕೈಯಿಂದಲೇ ತಿರುಚಿ ಸರಿಮಾಡಿ ಕೊಡಿ.

ಇನ್ನೊಂದು ಜಾತಿ ಸ್ಪೀಡ್ ಕ್ಯೂಬ್. ಒಳಗೆ ಪುಟ್ಟ ಪುಟ್ಟ ಮ್ಯಾಗ್ನೆಟ್ ಕೂರಿಸಿರುತ್ತಾರೆ. ಸಾಮಾನ್ಯವಾಗಿ ಒಂದೊಂದು ಮೂಲೆಗೆ ಮೂರು, ಒಂದೊಂದು ಅಂಚಿಗೆ ಎರಡು, ಒಟ್ಟು 48. ನಮ್ಮದು 600-700 ರೂಪಾಯಿಯದ್ದು. ಪದರವನ್ನು ಬೆರಳ ತುದಿಯಿಂದ ತಳ್ಳಿದರೆ ಸಾಕು, ಸರಿಯಾದ ಜಾಗಕ್ಕೆ ಬಂದು ಟಕ್ ಅಂತ ತಾನೇ ಕೂರುತ್ತದೆ. ಮಗ ಫುಟ್‌ಪಾತ್ ಕ್ಯೂಬ್‌ನಿಂದ ಇದಕ್ಕೆ ಬಂದಾಗ ಮೊದಲು ನಿಂತದ್ದು ಅವನ ಸಿಡುಕು. ಅಂಗಡಿಯಲ್ಲಿ ನೋಡುವ ವಿಧಾನ ಸುಲಭ. ಮೇಲಿನ ಪದರವನ್ನು ಸ್ವಲ್ಪ ಓರೆಯಾಗಿ ಬಿಟ್ಟು ಬಲಬದಿಯನ್ನು ತಿರುಗಿಸಿ ನೋಡಿ. ಓರೆ ಇದ್ದರೂ ಸರಾಗ ಹೋದರೆ ಒಳ್ಳೆಯದು, ಸಿಕ್ಕಿಕೊಂಡರೆ ವಾಪಸ್ ಕೊಡಿ. ಆಮೇಲೆ ಬಿಗಿಯಾಯಿತು ಅಂತ ತೆಂಗಿನೆಣ್ಣೆ, ವ್ಯಾಸಲಿನ್ ಏನೂ ಹಾಕಬೇಡಿ. ಧೂಳು ಮೆತ್ತಿಕೊಳ್ಳುತ್ತದೆ. ಸಿಲಿಕೋನ್ ಎಣ್ಣೆ ಅಂತಲೇ ಬರುತ್ತದೆ, ಎರಡು ಹನಿ ಸಾಕು.

ಸಾದಾ ಕ್ಯೂಬ್ ಬೋರು, ಮಕ್ಕಳು ಎರಡು ದಿನ ಆಡಿ ಎಸೆಯುತ್ತಾರೆ ಅಂತ ತುಂಬ ಜನ ಹೇಳುತ್ತಾರೆ. ಎಸೆಯುವುದು ನಿಜ. ಯಾರೂ ಹೇಳಿಕೊಡದಿದ್ದರೆ ಎಸೆಯದೆ ಇನ್ನೇನು ಮಾಡುತ್ತಾರೆ, ಅಲ್ವಾ? ನಾನು ಮಗಳಿಗೆ ಮೊದಲು ಹೇಳಿಕೊಟ್ಟದ್ದು ಒಂದೇ ಒಂದು. ಬಲಬದಿ ಮೇಲಕ್ಕೆ, ಮೇಲಿನದ್ದು ಎಡಕ್ಕೆ, ಬಲಬದಿ ಕೆಳಕ್ಕೆ, ಮೇಲಿನದ್ದು ಬಲಕ್ಕೆ. ನಾಲ್ಕೇ ತಿರುವು. ಕ್ಯೂಬ್ ಹುಡುಗರು ಇದನ್ನು ಆರ್, ಯು, ಆರ್ ಪ್ರೈಮ್, ಯು ಪ್ರೈಮ್ ಅನ್ನುತ್ತಾರೆ. ಸರಿ ಇರುವ ಕ್ಯೂಬ್ ತೆಗೆದುಕೊಂಡು ಈ ನಾಲ್ಕನ್ನು ಒಂದು ಸಲ ಮಾಡಿ, ಕೆಡುತ್ತದೆ. ಎರಡನೇ ಸಲ ಮಾಡಿ, ಇನ್ನೂ ಕೆಟ್ಟಂತೆ ಕಾಣುತ್ತದೆ. ಬಿಡದೆ ಆರು ಸಲ ಮಾಡಿ. ಆರನೆಯದರ ಕೊನೆಯ ತಿರುವಿಗೆ ಎಲ್ಲ ಬಣ್ಣವೂ ಮನೆಗೆ ಬಂದು ಕೂರುತ್ತದೆ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ತುಟಿ ಅಲ್ಲಾಡಿಸುತ್ತಾ ಎಣಿಸುತ್ತಿದ್ದಳು. ಐದನೆಯದಾದ ಮೇಲೆ "ಅಮ್ಮಾ, ಹಾಳಾಯ್ತು" ಅಂದಳು. ಇನ್ನೊಂದು ಸಲ ಮಾಡು ಅಂದೆ. ಕೊನೆಯ ತಿರುವಿಗೆ ಬಿಳಿ ಬದಿ ಪೂರ್ತಿಯಾದದ್ದು ನೋಡಿ ಕ್ಯೂಬನ್ನು ಆ ಕಡೆ ಈ ಕಡೆ ಹೊರಳಿಸಿದಳು, ಎಲ್ಲ ಬದಿಯೂ ಸರಿಯಾಗಿತ್ತು. ಕ್ಯೂಬ್ ಅಂದರೆ ಅದೃಷ್ಟದ ಆಟ ಅಲ್ಲ, ಇದಕ್ಕೊಂದು ನಿಯಮ ಇದೆ ಅನ್ನುವುದು ಅವಳಿಗೆ ಆವತ್ತು ಹೊಳೆಯಿತು. ಇದಕ್ಕೆ ಬ್ಯಾಟರಿ ಬೇಕಾಗಲಿಲ್ಲ.

ಎರಡನೆಯದು ಲೈಟ್ ಕ್ಯೂಬ್. ಈ ಜಾತಿಯಲ್ಲಿ ಹೆಸರು ಮಾಡಿದ್ದು 2007ರಲ್ಲಿ ಬಂದ ರೂಬಿಕ್ಸ್ ರೆವಲ್ಯೂಷನ್. ನೋಡಲು ಥೇಟ್ ಕ್ಯೂಬ್, ಆದರೆ ತಿರುಗುವುದಿಲ್ಲ. ಒಂದೊಂದು ಬದಿಯ ನಡುವೆ ಲೈಟ್ ಇರುವ ಗುಂಡಿ, ಒಳಗೆ ಆರು ಆಟ. ನಮ್ಮ ಮನೆಯಲ್ಲಿರುವುದು ಅದಲ್ಲ, ಅದೇ ಮಾದರಿಯ ಬೇರೆ ಕಂಪನಿಯದ್ದು, ದುಬೈಯಿಂದ ಬಂದ ನೆಂಟರು ತಂದುಕೊಟ್ಟದ್ದು. ಲೈಟ್ ಹತ್ತಿದ ಕಡೆ ಬೇಗ ಒತ್ತಬೇಕು. ಇಲ್ಲವೇ ಲೈಟ್ ಹತ್ತಿದ ಕ್ರಮ ನೆನಪಿಟ್ಟು ಅದೇ ಕ್ರಮದಲ್ಲಿ ಒತ್ತಬೇಕು. ಇಲ್ಲವೇ ಒಬ್ಬರಿಂದ ಒಬ್ಬರ ಕೈಗೆ ದಾಟಿಸುತ್ತಾ ಆಡಬೇಕು.

ಇದರ ಒಳ್ಳೆಯದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಒಳ್ಳೆಯದು ಇದೆ. ಮಗಳಿಗೆ ಇದು ಕೈಗೆ ಬಂದ ಐದೇ ನಿಮಿಷದಲ್ಲಿ ಆಡಲು ಬಂತು. ಯಾರೂ ಹೇಳಿಕೊಡಬೇಕಾಗಲಿಲ್ಲ. ಲೈಟ್ ಹಿಂದಿನ ಬದಿಯಲ್ಲಿ ಹತ್ತಿದರೆ ಕ್ಯೂಬನ್ನು ಹೊರಳಿಸಿ ಹುಡುಕಬೇಕು, ಹಾಗೆ ಹುಡುಕುತ್ತಾ ಹುಡುಕುತ್ತಾ ಯಾವ ಬಣ್ಣದ ಎದುರು ಯಾವ ಬಣ್ಣ ಇದೆ ಅನ್ನುವುದು ಅವಳಿಗೆ ನೋಡದೆಯೇ ಬಾಯಿಗೆ ಬಂತು. ಆಮೇಲೆ ಸಾದಾ ಕ್ಯೂಬ್ ಹಿಡಿದಾಗ ಅದು ಉಪಯೋಗಕ್ಕೂ ಬಂತು. ಅಣ್ಣ ತಂಗಿ ಇಬ್ಬರೂ ಜಗಳವಿಲ್ಲದೆ ಒಟ್ಟಿಗೆ ಆಡಿದ ಕ್ಯೂಬ್ ಇದೊಂದೇ. ಸಾದಾ ಕ್ಯೂಬ್ ಒಬ್ಬರ ಆಟ. ಒಬ್ಬರು ಮಾಡುವಾಗ ಇನ್ನೊಬ್ಬರು ಪಕ್ಕದಲ್ಲಿ ಕೂತು "ಕೊಡು ಕೊಡು" ಅನ್ನಬೇಕು.

ಮತ್ತೆ, ಮಾವನವರ ವಿಷಯ. ಅವರ ಬೆರಳುಗಳಲ್ಲಿ ಸಂಧಿವಾತ ಇದೆ. ಸಾದಾ ಕ್ಯೂಬನ್ನು ಎರಡು ಸಲ ತಿರುಗಿಸಿದರೆ ಮೂರನೆಯದಕ್ಕೆ ಹೆಬ್ಬೆರಳು ನೋಯುತ್ತದೆ, ಹಾಗಾಗಿ ಮೊಮ್ಮಕ್ಕಳ ಕ್ಯೂಬ್ ಆಟದಿಂದ ಅವರು ದೂರವೇ ಇದ್ದರು. ಲೈಟ್ ಕ್ಯೂಬಿಗೆ ಸುಮ್ನೆ ಮುಟ್ಟಿದರೆ ಸಾಕು. ಸಂಜೆ ಚಹಾ ಆದ ಮೇಲೆ ಬಾಲ್ಕನಿಯಲ್ಲಿ ಕೂತು ನೆನಪಿನ ಆಟವನ್ನು ಅವರು ಶ್ರದ್ಧೆಯಿಂದ ಆಡುತ್ತಾರೆ. ಬಣ್ಣಗಳನ್ನು ಕನ್ನಡದಲ್ಲಿ ಪಿಸುಗುಡುತ್ತಾ, ಕೆಂಪು, ನೀಲಿ, ನೀಲಿ, ಹಸಿರು ಅಂತ. ಮೊಮ್ಮಗಳಿಗಿಂತ ಉದ್ದದ ಸಾಲು ನೆನಪಿಡುತ್ತಾರೆ. ಕೈ ನೋವಿರುವ ಹಿರಿಯರು ಮನೆಯಲ್ಲಿದ್ದರೆ ಈ ಆಟಿಕೆಯನ್ನು ಅವರಿಗಾಗಿಯೇ ತರಬಹುದು ಅಂತ ನಾನು ಮನಸಾರೆ ಹೇಳುತ್ತೇನೆ.

ಆದರೆ ಇದು ಕ್ಯೂಬ್ ಅಲ್ಲ. 1978ರಲ್ಲಿ ಅಮೆರಿಕದಲ್ಲಿ ಸೈಮನ್ ಅಂತ ಒಂದು ಆಟಿಕೆ ಬಂದಿತ್ತು. ತಟ್ಟೆಯಾಕಾರ, ನಾಲ್ಕು ಬಣ್ಣದ ದೊಡ್ಡ ಗುಂಡಿ, ಲೈಟೂ ಸದ್ದೂ ಬಂದ ಕ್ರಮದಲ್ಲಿ ಒತ್ತುತ್ತಾ ಹೋಗಬೇಕು. ಟೀವಿಗೆ ಜೋಡಿಸಿ ಆಡುವ ವಿಡಿಯೋ ಗೇಮನ್ನು ಮೊದಲು ಮಾಡಿದ ರಾಲ್ಫ್ ಬೇರ್, ಹೊವರ್ಡ್ ಮಾರಿಸನ್ ಜೊತೆ ಸೇರಿ ಮಾಡಿದ ಆಟ ಅದು. ಲೈಟ್ ಕ್ಯೂಬ್ ಸೈಮನ್‌ನ ವಂಶದ್ದು, ಕ್ಯೂಬಿನ ಅಂಗಿ ಹಾಕಿಕೊಂಡಿದೆ ಅಷ್ಟೇ. ಅದರಲ್ಲಿ ಬಿಡಿಸಲು ಏನೂ ಇಲ್ಲ. ಅದು ಹೇಳುತ್ತದೆ, ಮಗು ಕೇಳುತ್ತದೆ. ಅದು ಅವಸರ ಮಾಡುತ್ತದೆ, ಮಗು ಅವಸರಪಡುತ್ತದೆ. ಯೋಚನೆ ಮಾಡುತ್ತಾ ಐದು ನಿಮಿಷ ಸುಮ್ಮನೆ ಹಿಡಿದು ಕೂತರೆ ಸಾದಾ ಕ್ಯೂಬ್ ಕಾಯುತ್ತದೆ, ಇದು ಸೋತೆ ಅಂತ ಸದ್ದು ಮಾಡಿ ಆಫ್ ಆಗುತ್ತದೆ. ಮಗ ಒಂದು ವಾರ ಹುಚ್ಚು ಹಿಡಿದವನಂತೆ ಆಡಿದ, ಆಮೇಲೆ ಮುಟ್ಟಲಿಲ್ಲ. ಅದರಲ್ಲಿ ಕಲಿಯುವುದು ಮುಗಿದಿತ್ತು. ವೇಗ ಒಂದೇ ಜಾಸ್ತಿ ಆಗುತ್ತಾ ಹೋಗುತ್ತದೆ, ಹೊಸದಾಗಿ ಅರ್ಥವಾಗುವುದು ಏನೂ ಇರುವುದಿಲ್ಲ.

ಸದ್ದಿನ ವಿಷಯವನ್ನೂ ಹೇಳಬೇಕು. ನಮ್ಮದು ಒಂದೇ ಬೆಡ್‌ರೂಮಿನ ಮನೆ. ನಮ್ಮ ಲೈಟ್ ಕ್ಯೂಬಿನ ಸದ್ದನ್ನು ಕಡಿಮೆ ಮಾಡಬಹುದು, ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ಒಬ್ಬರು ಓದುವಾಗ ಇನ್ನೊಬ್ಬರು ಆಡಲು ಸಾಧ್ಯವಿಲ್ಲ. ಮುಂಬೈ ಮನೆಗಳಿಗೆ ಇದು ಸಣ್ಣ ವಿಷಯ ಅಲ್ಲ. ಕೊಳ್ಳುವ ಮೊದಲು ಸದ್ದು ಪೂರ್ತಿ ಬಂದ್ ಮಾಡುವ ಗುಂಡಿ ಇದೆಯಾ ಅಂತ ಕೇಳಿ.

ಮೂರನೆಯದು ಬ್ಲೂಟೂತ್ ಕ್ಯೂಬ್, ಸ್ಮಾರ್ಟ್ ಕ್ಯೂಬ್ ಅಂತಲೂ ಹೇಳುತ್ತಾರೆ. ರೂಬಿಕ್ಸ್ ಹೆಸರಿನಲ್ಲೇ ರೂಬಿಕ್ಸ್ ಕನೆಕ್ಟೆಡ್ ಅಂತ ಬಂದಿದೆ, ಗ್ಯಾನ್, ಮೋಯು ಅನ್ನುವ ಚೀನಾ ಕಂಪನಿಗಳೂ ಮಾಡುತ್ತವೆ. ನಮ್ಮದರ ಹೆಸರು ಬೇಡ, ಬೆಲೆ ಮಾತ್ರ 4,000 ದಾಟಿತ್ತು. ಮೂರರಲ್ಲಿ ನನಗೆ ತುಂಬ ಕುತೂಹಲ ಹುಟ್ಟಿಸಿದ್ದು ಇದೇ.

ಒಳಗೆ ಕ್ಯಾಮೆರಾ ಇರುತ್ತದೆ, ಬಣ್ಣ ನೋಡುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಇಲ್ಲ. ಆರು ಸೆಂಟರ್‌ಗಳು ಇದ್ದಲ್ಲೇ ಸುತ್ತುತ್ತವೆ ಅಂತ ಮೇಲೆ ಹೇಳಿದೆನಲ್ಲ, ಕ್ಯೂಬಿನ ಪ್ರತಿ ತಿರುವೂ ಯಾವುದಾದರೂ ಸೆಂಟರ್ ಸುತ್ತಿದ್ದರಿಂದಲೇ ಆಗಬೇಕು. ಹಾಗಾಗಿ ಒಳಗಿನ ಗುಂಡಗಿನ ತಿರುಳಿನಲ್ಲಿ ಆರು ಕಡೆಗೂ ಸೆನ್ಸರ್ ಇಟ್ಟರೆ ಮುಗಿಯಿತು. ಮೊದಲು ಕ್ಯೂಬ್ ಸರಿ ಇತ್ತು, ಆಮೇಲೆ ಈ ಈ ಸೆಂಟರ್ ಇಷ್ಟಿಷ್ಟು ಸುತ್ತಿತು, ಅಂದರೆ ಈಗ ಯಾವ ತುಂಡು ಎಲ್ಲಿದೆ ಅಂತ ಆ್ಯಪ್ ಲೆಕ್ಕ ಹಾಕಿ ಪರದೆಯ ಮೇಲೆ ಚಿತ್ರ ತೋರಿಸುತ್ತದೆ. ಕೆಲವದರಲ್ಲಿ ಜೈರೋ ಕೂಡ ಇರುತ್ತದೆ, ಕ್ಯೂಬನ್ನು ಕೈಯಲ್ಲಿ ವಾಲಿಸಿದರೆ ಪರದೆಯ ಕ್ಯೂಬೂ ವಾಲುತ್ತದೆ. ಮೊದಲ ಸಲ ನೋಡಿದಾಗ ನಿಜಕ್ಕೂ ಖುಷಿಯಾಗುತ್ತದೆ. ಹೀಗೆ ಲೆಕ್ಕದ ಮೇಲೆ ನಡೆಯುವುದರಿಂದಲೇ ಒಂದು ತೊಂದರೆಯೂ ಇದೆ. ನಡುವೆ ಒಂದು ತಿರುವು ಲೆಕ್ಕ ತಪ್ಪಿದರೆ, ಮೂಲೆ ತಿರುಚಿದರೆ, ಕೈಯಲ್ಲಿರುವ ಕ್ಯೂಬ್ ಒಂದು, ಪರದೆಯ ಕ್ಯೂಬ್ ಇನ್ನೊಂದು. ಆಗ ಕೈಯಿಂದಲೇ ಪೂರ್ತಿ ಬಿಡಿಸಿ, ಈಗ ಸರಿ ಇದೆ ನೋಡು ಅಂತ ಆ್ಯಪಿಗೆ ಹೇಳಬೇಕು. ಬಿಡಿಸಲು ಬಾರದ ಮಗುವಿಗೆ ಇದು ದೊಡ್ಡ ಗೋಡೆ.

ಆ್ಯಪಿನಲ್ಲಿ ಎರಡು ಮುಖ್ಯ ಕೆಲಸ ಇವೆ. ಒಂದು ಕಲಿಸುವುದು, ಇನ್ನೊಂದು ಅಳೆಯುವುದು. ಕಲಿಸುವ ಭಾಗ ನನಗೆ ಇಷ್ಟವಾಗಲಿಲ್ಲ. ಪರದೆಯಲ್ಲಿ ಬಾಣ ಬರುತ್ತದೆ, ಮಗು ತಿರುಗಿಸುತ್ತದೆ, ಮುಂದಿನ ಬಾಣ ಬರುತ್ತದೆ. ಕೊನೆಗೆ ಕ್ಯೂಬ್ ಪೂರ್ತಿಯಾಗುತ್ತದೆ, ಪಟಾಕಿ ಹಾರುತ್ತದೆ, ಮಗು ಕುಣಿಯುತ್ತದೆ. ಮಗಳು ಹೀಗೆ ಎಷ್ಟೋ ಸಲ ಪೂರ್ತಿ ಮಾಡಿದಳು. ಮೊಬೈಲ್ ಪಕ್ಕಕ್ಕಿಟ್ಟು ಸಾದಾ ಕ್ಯೂಬ್ ಕೊಟ್ಟರೆ ಮೊದಲ ಹಂತದ ಬಿಳಿ ಕ್ರಾಸ್, ಅಂದರೆ ಬಿಳಿ ಸೆಂಟರ್ ಸುತ್ತ ನಾಲ್ಕು ಬಿಳಿ ಅಂಚು ಕೂರಿಸುವುದು ಕೂಡ ಬರಲಿಲ್ಲ. ಕಣ್ಣು ಇಷ್ಟು ದಿನವೂ ಬಾಣದ ಮೇಲಿತ್ತು, ತುಂಡಿನ ಮೇಲೆ ಇರಲಿಲ್ಲ. ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಹುಡುಗಿ, ಅವಳದ್ದೂ ಅದೇ ವಯಸ್ಸು, ಅವಳ ಅಪ್ಪ ಬರೆದುಕೊಟ್ಟ ಒಂದು ಹಾಳೆ ಇಟ್ಟುಕೊಂಡು ಸಾದಾ ಕ್ಯೂಬಿನಲ್ಲಿ ಪದರ ಪದರವಾಗಿ ಕಲಿತಳು. ತಡವಾಗಿ ಕಲಿತಳು, ಆದರೆ ಸ್ಕೂಲ್ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ಕೊಟ್ಟರೂ ಮಾಡುತ್ತಾಳೆ.

ಅಳೆಯುವ ಭಾಗ ಮಾತ್ರ ಬೇರೆಯದ್ದೇ ಕಥೆ. ಮಗನಿಗೆ ಅಷ್ಟರಲ್ಲಿ ತಾನಾಗಿಯೇ ಬಿಡಿಸಲು ಬರುತ್ತಿತ್ತು. ಒಂದು ನಿಮಿಷದ ಆಸುಪಾಸಿನಲ್ಲಿ ಬಂದು ನಿಂತುಬಿಟ್ಟಿದ್ದ, ಕೆಳಗೆ ಇಳಿಯುತ್ತಿರಲಿಲ್ಲ. ಬೆರಳು ಇನ್ನೂ ಬೇಗ ಓಡಬೇಕು ಅಂತ ಅವನ ಲೆಕ್ಕ. ದಿನಾ ಅದನ್ನೇ ಅಭ್ಯಾಸ ಮಾಡುತ್ತಿದ್ದ. ಬ್ಲೂಟೂತ್ ಕ್ಯೂಬ್ ಪ್ರತಿ ಸಲವೂ ಎಷ್ಟು ತಿರುವು, ಸೆಕೆಂಡಿಗೆ ಎಷ್ಟು, ಯಾವ ಹಂತಕ್ಕೆ ಎಷ್ಟು ಸಮಯ, ಎಲ್ಲೆಲ್ಲಿ ನಿಂತೆ, ಎಲ್ಲ ಬಿಡಿಸಿ ತೋರಿಸಿತು. ನಮ್ಮ ಸೊಸೈಟಿಯಲ್ಲಿ ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ ಕ್ಯೂಬ್ ಸ್ಪರ್ಧೆಗಳಿಗೆ ಹೋಗುತ್ತಾನೆ, ಮಕ್ಕಳೆಲ್ಲ ಅವನನ್ನು ದಾದಾ ಅಂತ ಕರೆಯುತ್ತಾರೆ. ಅವನಿಗೆ ತೋರಿಸಿದೆವು. ಮೊಬೈಲ್ ನೋಡಿ ಅವನು ಬೆರಳಿಟ್ಟದ್ದು ವೇಗದ ಮೇಲಲ್ಲ, ನಡುವಿನ ಖಾಲಿ ಜಾಗಗಳ ಮೇಲೆ. ಮಗನ ಕೈ ಸಾಕಷ್ಟು ಬೇಗವೇ ಓಡುತ್ತಿತ್ತು. ಒಂದು ಮೂಲೆ, ಒಂದು ಅಂಚು ಸೇರಿಸಿ ಒಂದು ಜೋಡಿ ಕೂರಿಸಿದ ಮೇಲೆ ಮುಂದಿನ ತುಂಡು ಹುಡುಕಲು ಕ್ಯೂಬ್ ಹಿಡಿದು ಸುಮ್ಮನೆ ನೋಡುತ್ತಿದ್ದ ಸಮಯವೇ ಒಟ್ಟು ಸಮಯದಲ್ಲಿ ದೊಡ್ಡ ಪಾಲು. "ಹಳೂ ಫಿರವ್, ಪುಢ್ಚಂ ಬಘ್" ಅಂದ ದಾದಾ. ನಿಧಾನ ತಿರುಗಿಸು, ಮುಂದಿನದ್ದನ್ನು ನೋಡು.

ಮಗನಿಗೆ ಮೊದಲು ನಂಬಿಕೆ ಬರಲಿಲ್ಲ. ನಿಧಾನ ಮಾಡಿದರೆ ಬೇಗ ಹೇಗೆ ಆಗುತ್ತದೆ? ಆದರೆ ಪರದೆಯ ಮೇಲೆ ಖಾಲಿ ಜಾಗಗಳು ಕಣ್ಣಿಗೆ ಕಾಣುತ್ತಿದ್ದವು, ವಾದ ಮಾಡಲು ದಾರಿ ಇರಲಿಲ್ಲ. ಬೇಕಂತಲೇ ನಿಧಾನವಾಗಿ, ಕೈ ನಿಲ್ಲಿಸದೆ, ಒಂದು ಜೋಡಿ ಕೂರಿಸುವಾಗಲೇ ಮುಂದಿನ ಜೋಡಿಯನ್ನು ಕಣ್ಣಲ್ಲಿ ಹುಡುಕುತ್ತಾ ಮಾಡಲು ಶುರುಮಾಡಿದ. ಆ ಖಾಲಿ ಜಾಗಗಳು ಕಿರಿದಾಗುತ್ತಾ ಬಂದವು, ಸಮಯವೂ ಇಳಿಯಿತು. ಇದನ್ನು ಸ್ಟಾಪ್‌ವಾಚ್ ಹೇಳುತ್ತಿರಲಿಲ್ಲ, ನಾನೂ ಹೇಳಲು ಆಗುತ್ತಿರಲಿಲ್ಲ. ಎಲೆಕ್ಟ್ರಾನಿಕ್ಸ್ ಇಲ್ಲಿ ಮಗುವಿನ ಕೆಲಸ ಕಿತ್ತುಕೊಳ್ಳಲಿಲ್ಲ, ಅವನ ಕಣ್ಣಿಗೆ ಬೀಳದಿದ್ದದ್ದನ್ನು ಎತ್ತಿ ತೋರಿಸಿತು. ಈ ಒಂದು ಕಾರಣಕ್ಕೆ ಆ 4,000 ರೂಪಾಯಿ ದಂಡ ಅಂತ ನನಗೆ ಅನ್ನಿಸಿಲ್ಲ.

ಹಾಗಂತ ಎಲ್ಲ ಕಡೆ ಇದು ನಡೆಯುವುದಿಲ್ಲ. ರಜೆಗೆ ಉಡುಪಿಗೆ ಹೊರಟಾಗ ಮತ್ಸ್ಯಗಂಧಾ ರೈಲಿಗೆ ಮೂರು ಕ್ಯೂಬನ್ನೂ ತೆಗೆದುಕೊಂಡು ಹೋಗಿದ್ದೆವು. ಕೊಂಕಣ ರೈಲ್ವೆಯಲ್ಲಿ ಒಂದಾದ ಮೇಲೆ ಒಂದು ಸುರಂಗ, ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗವೇ ಆರೂವರೆ ಕಿಲೋಮೀಟರ್ ಇದೆ. ಕ್ಯೂಬಿಗೂ ಮೊಬೈಲಿಗೂ ನಡುವಿನ ಬ್ಲೂಟೂತ್‌ಗೆ ನೆಟ್‌ವರ್ಕ್ ಬೇಡ, ನಿಜ. ಆದರೆ ನಮ್ಮ ಆ್ಯಪ್ ತೆರೆದ ಕೂಡಲೇ ಲಾಗಿನ್ ಕೇಳುತ್ತಿತ್ತು, ಬೇರೆಯವರ ಜೊತೆ ಆನ್‌ಲೈನ್ ಪಂದ್ಯವಂತೂ ಆಗಲೇ ಇಲ್ಲ. ಚಿಪ್ಳೂಣ್ ದಾಟುವ ಹೊತ್ತಿಗೆ ಅದು ಬ್ಯಾಗಿಗೆ ಹೋಯಿತು. ಲೈಟ್ ಕ್ಯೂಬಿನ ಸದ್ದಿಗೆ ಎದುರು ಸೀಟಿನವರು ಮುಖ ನೋಡಿದರು, ಅದೂ ಬ್ಯಾಗಿಗೆ. ಸಾದಾ ಕ್ಯೂಬ್ ಮಾತ್ರ ಆ ಎದುರು ಸೀಟಿನವರ ಕೈಗೂ ಹೋಗಿ, ಸೈಡ್ ಬರ್ತಿನ ಕಾಲೇಜು ಹುಡುಗನ ಕೈಗೂ ಹೋಗಿ, ಅವನು ಮಗನಿಗೆ ಕೊನೆಯ ಪದರದ ಒಂದು ಹೊಸ ಆಲ್ಗೊರಿದಮ್, ಅಂದರೆ ತಿರುವುಗಳ ಸಾಲು, ಕಲಿಸಿ, ವಾಪಸ್ ಬಂತು. ದಿನಾ ಲೋಕಲ್‌ನಲ್ಲೂ ನಾನು ನೋಡುವುದು ಇದನ್ನೇ. ಲೇಡೀಸ್ ಡಬ್ಬಾದಲ್ಲಿ ಕಾಲೇಜು ಹುಡುಗಿಯರು ಕಂಬಕ್ಕೆ ಒರಗಿ ನಿಂತು, ಠಾಣೆಯಿಂದ ದಾದರ್ ಬರುವುದರೊಳಗೆ ಮತ್ತೆ ಮತ್ತೆ ಬಿಡಿಸುತ್ತಿರುತ್ತಾರೆ. ಎಲ್ಲರ ಕೈಯಲ್ಲೂ ಸಾದಾ ಕ್ಯೂಬೇ.

ಸ್ಪರ್ಧೆಗೆ ಹೋಗುವ ಆಸೆ ಇದ್ದರೆ ಇನ್ನೊಂದು ವಿಷಯ ಗೊತ್ತಿರಲಿ. 2004ರಿಂದ ಇರುವ ವಿಶ್ವ ಕ್ಯೂಬ್ ಸಂಸ್ಥೆಯ ಅಧಿಕೃತ ಸ್ಪರ್ಧೆಗಳಲ್ಲಿ ಬ್ಲೂಟೂತ್ ಕ್ಯೂಬ್ ಬಳಸಲು ಬಿಡುವುದಿಲ್ಲ. 1982ರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಬುಡಾಪೆಸ್ಟ್‌ನಲ್ಲೇ ನಡೆದಾಗ ಗೆದ್ದ ಮಿನ್ ಥಾಯ್ ತೆಗೆದುಕೊಂಡದ್ದು 22.95 ಸೆಕೆಂಡ್. 2023ರಲ್ಲಿ ಮ್ಯಾಕ್ಸ್ ಪಾರ್ಕ್ 3.13 ಸೆಕೆಂಡಿನಲ್ಲಿ ಬಿಡಿಸಿದ್ದು ಎಲೆಕ್ಟ್ರಾನಿಕ್ಸ್ ಇಲ್ಲದ ಕ್ಯೂಬಿನಲ್ಲೇ. ಅಂದರೆ ಬ್ಲೂಟೂತ್ ಕ್ಯೂಬ್ ಕೊಂಡರೂ ಸಾದಾ ಸ್ಪೀಡ್ ಕ್ಯೂಬ್ ಬೇಕೇ ಬೇಕು. ನಮ್ಮ ಬ್ಲೂಟೂತ್ ಕ್ಯೂಬ್ ಕೈಗೆ ಸ್ವಲ್ಪ ಭಾರ, ತಿರುಗುವ ಹದವೂ ಬೇರೆ. ಒಂದರಿಂದ ಇನ್ನೊಂದಕ್ಕೆ ಹೋದಾಗ ಮಗನಿಗೆ ಬೆರಳು ಹೊಂದಿಕೊಳ್ಳಲು ಹೊತ್ತು ಬೇಕಾಗುತ್ತದೆ.

ಇನ್ನು ಸುರಕ್ಷತೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಡಬ್ಬದ ಮೇಲೆ ಹುಡುಕಿ ನೋಡಿ. ಬ್ಯಾಟರಿ ಹಾಕುವ ಆಟಿಕೆಯಾದರೆ ಮುಚ್ಚಳ ಸ್ಕ್ರೂ ಹಾಕಿ ಬಿಗಿಯುವಂಥದ್ದೇ ಇರಬೇಕು, ಉಗುರಿನಲ್ಲಿ ತೆರೆಯುವಂತಿದ್ದರೆ ಬೇಡವೇ ಬೇಡ. ಬಟನ್ ಸೆಲ್ ಹಾಕುವ ಅಗ್ಗದ ಲೈಟ್ ಆಟಿಕೆಗಳು ಫುಟ್‌ಪಾತಿನಲ್ಲಿ ರಾಶಿ ಬಿದ್ದಿರುತ್ತವೆ. ಚಿಕ್ಕ ಮಗು ಆ ಸೆಲ್ ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಡಬಹುದು. ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ಮ್ಯಾಗ್ನೆಟ್ ಕ್ಯೂಬಿಗೂ ಎಚ್ಚರ ಬೇಕು. ಒಡೆದು ಒಳಗಿನ ಮ್ಯಾಗ್ನೆಟ್ ಹೊರಗೆ ಬಂದರೆ ಆ ಕ್ಯೂಬನ್ನು ಅಲ್ಲಿಗೇ ಬಿಟ್ಟುಬಿಡಿ, ಒಂದಕ್ಕಿಂತ ಜಾಸ್ತಿ ಮ್ಯಾಗ್ನೆಟ್ ಹೊಟ್ಟೆಗೆ ಹೋದರೆ ಕರುಳಿನ ಗೋಡೆ ನಡುವೆ ಸಿಕ್ಕಿಸಿಕೊಂಡು ಅಂಟಿಕೊಳ್ಳುತ್ತವೆ. ಎಲ್ಲವನ್ನೂ ಬಾಯಿಗೆ ಹಾಕುವ ಮಗು ಮನೆಯಲ್ಲಿದ್ದರೆ ಈ ಎರಡೂ ಜಾತಿಯನ್ನು ಎತ್ತರದಲ್ಲಿಡಿ.

ಆ್ಯಪ್ ಹಾಕುವಾಗಲೂ ನೋಡಿಕೊಳ್ಳಿ. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ, ಅಂದರೆ 12ನೇ ಆವೃತ್ತಿಗಿಂತ ಮೊದಲಿನವುಗಳಲ್ಲಿ, ಬ್ಲೂಟೂತ್ ಸಾಧನ ಹುಡುಕಬೇಕಾದರೆ ಲೊಕೇಶನ್ ಅನುಮತಿ ಕೊಡಲೇಬೇಕು. ಆಟಿಕೆಗೆ ಯಾಕೆ ನಮ್ಮ ಮನೆ ಎಲ್ಲಿದೆ ಅಂತ ಗೊತ್ತಾಗಬೇಕು ಅಂತ ಗಾಬರಿಯಾಗುವುದು ಸಹಜ. ಹೊಸ ಫೋನಿನಲ್ಲಿ ಬ್ಲೂಟೂತ್‌ಗೆ ಬೇರೆಯೇ ಅನುಮತಿ ಇದೆ. ನಾವು ಮಗನ ಹೆಸರು, ಫೋಟೋ ಏನೂ ಹಾಕದೆ ನನ್ನ ಇಮೇಲ್‌ನಲ್ಲಿ ಖಾತೆ ತೆರೆದಿದ್ದೇವೆ, ಆನ್‌ಲೈನ್ ಪಂದ್ಯ ನಾನು ಪಕ್ಕದಲ್ಲಿದ್ದಾಗ ಮಾತ್ರ.

ಬೆಲೆ ಯಾಕೆ ಇಷ್ಟು ಅಂದರೆ, ಒಳ್ಳೆಯ ಸ್ಪೀಡ್ ಕ್ಯೂಬ್‌ಗಳು ಹೆಚ್ಚಾಗಿ ಚೀನಾದಿಂದ ಬರುತ್ತವೆ. ಆಮದು ಆಟಿಕೆಗಳ ಮೇಲಿನ ಸುಂಕವನ್ನು ಸರ್ಕಾರ 2020ರಲ್ಲಿ 20ರಿಂದ 60 ಪರ್ಸೆಂಟ್‌ಗೆ, 2023ರಲ್ಲಿ 70ಕ್ಕೆ ಏರಿಸಿತು. ಹಾಗಾಗಿ ದುಬಾರಿ ಕ್ಯೂಬ್ ಕಳೆದರೆ ಹೊಟ್ಟೆ ಉರಿಯುತ್ತದೆ. ಸ್ಕೂಲಿಗೆ ತೆಗೆದುಕೊಂಡು ಹೋಗಲು ಒಂದು ಅಗ್ಗದ ಮ್ಯಾಗ್ನೆಟ್ ಕ್ಯೂಬ್ ಬೇರೆ ಇಟ್ಟುಕೊಳ್ಳುವುದೇ ವಾಸಿ.

ಬ್ಲೂಟೂತ್ ಕ್ಯೂಬ್ ಯಾವಾಗ ಕೊಡಿಸಬೇಕು ಅಂತ ಕೇಳಿದರೆ ನನ್ನ ಉತ್ತರ ಇಷ್ಟು. ಮಗು ಯಾರ ಸಹಾಯವೂ ಇಲ್ಲದೆ, ಯಾವ ಪರದೆಯೂ ನೋಡದೆ, ಎಷ್ಟೇ ಹೊತ್ತು ತೆಗೆದುಕೊಳ್ಳಲಿ, ಪೂರ್ತಿ ಕ್ಯೂಬ್ ಬಿಡಿಸುತ್ತದೆ ಅನ್ನುವಾಗ. ಅದಕ್ಕೂ ಮೊದಲು ಕೊಡಿಸಿದರೆ ಮಗು ಕಲಿಯುವುದು ಬಾಣ ನೋಡುವುದನ್ನೇ. ಲೈಟ್ ಕ್ಯೂಬನ್ನು ಆರೇಳು ವರ್ಷದ ಮಗುವಿಗೆ, ಇಲ್ಲವೇ ಕೈ ನೋವಿರುವ ಅಜ್ಜ ಅಜ್ಜಿಗೆ ಕೊಡಬಹುದು. ಅದನ್ನು ಕ್ಯೂಬ್ ಅಂತ ಹೇಳಿ ಕೊಡಬೇಡಿ, ನೆನಪಿನ ಆಟ ಅಂತ ಹೇಳಿ ಕೊಡಿ.

ಪುಣೆಯ ಕೋಥರೂಡ್‌ನಲ್ಲಿರುವ ನನ್ನ ತಂಗಿ ಮೊನ್ನೆ ಫೋನ್ ಮಾಡಿ, ಮಗಳ ಹುಟ್ಟುಹಬ್ಬಕ್ಕೆ ಯಾವುದು ತರಲಿ ಅಕ್ಕಾ, ಬ್ಲೂಟೂತಿನದ್ದೇ ಬೇಕಂತೆ ಅಂದಳು. ಅವಳ ಮಗಳಿಗೆ ಒಂಬತ್ತು, ಇನ್ನೂ ಒಂದು ಬದಿ ಮಾತ್ರ ಮಾಡುತ್ತಾಳೆ. ಸಾದಾ ಮ್ಯಾಗ್ನೆಟ್ ಕ್ಯೂಬ್ ಕೊಡಿಸು, ಉಳಿದ ದುಡ್ಡು ಹಾಗೇ ಇಟ್ಟಿರು ಅಂದೆ. ಜೊತೆಗೆ ಪದರ ಪದರವಾಗಿ ಬಿಡಿಸುವ ಹಂತಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು, ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಹಾಕಿ ಕಳಿಸಿದ್ದೇನೆ. ಚಿತ್ರ ಹಾಕಿದ್ದು ಮಗ. ಬಿಳಿ ಕ್ರಾಸ್ ಮುಗಿದಿದೆ, ಮೂಲೆಗಳಲ್ಲಿ ಸಿಕ್ಕಿಕೊಂಡಿದ್ದಾಳೆ ಅಂತ ತಂಗಿ ಹೇಳಿದಳು, ಭಾನುವಾರ ವಿಡಿಯೋ ಕಾಲ್‌ನಲ್ಲಿ ಮಗನೇ ಹೇಳಿಕೊಡುತ್ತಾನಂತೆ.